ಗೇಮ್ ಬಾಕ್ಸ್‌ಗೆ ದೀಪದ ಅಲಂಕಾರ: ಯಾವ ಲೈಟ್, ಎಲ್ಲಿ, ಎಷ್ಟು

ಗಣೇಶನ ಹಬ್ಬ ಬಂತೆಂದರೆ ದಾವಣಗೆರೆಯ ಬೀದಿಗಳೆಲ್ಲ ಝಗಮಗ. ಪೆಂಡಾಲ್ ಲೈಟ್ ನೋಡಿಕೊಂಡು ಬಂದ ಹುಡುಗರು ಮಾರನೇ ದಿನ ನನ್ನ ರಿಪೇರಿ ಟೇಬಲ್ ಮುಂದೆ ನಿಂತಿರುತ್ತಾರೆ. "ಅಣ್ಣಾ, ನನ್ನ ಪಿಎಸ್‌ಗೂ ಹಂಗೆ ಲೈಟ್ ಹಾಕಿಕೊಡ್ರಿ." ಪಿಎಸ್ ಅಂದರೆ ಪ್ಲೇಸ್ಟೇಷನ್, ಟಿವಿಗೆ ಜೋಡಿಸಿ ಗೇಮ್ ಆಡುವ ಬಾಕ್ಸ್. ಹೋದ ವರ್ಷ ನಮ್ಮ ಅಕ್ಕನ ಮಗನೇ ಬಂದ. ಚಿತ್ರದುರ್ಗದಿಂದ ಬಸ್ಸಿನಲ್ಲಿ, ಪಿಎಸ್5 ಅನ್ನು ಬೆಡ್‌ಶೀಟ್‌ನಲ್ಲಿ ಸುತ್ತಿ ತೊಡೆ ಮೇಲಿಟ್ಟುಕೊಂಡು. "ಮಾಮಾ, ಒಳಗಿಂದ ನೀಲಿ ಬೆಳಕು ಬರಬೇಕು" ಅಂದ.

ಅವನಿಗೆ ಹೇಳಿದ್ದನ್ನೇ ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ. ಯಾವ ಲೈಟ್ ಚೆಂದ ಅನ್ನುವುದು ಎರಡನೇ ಪ್ರಶ್ನೆ. ಲೈಟ್ ಬಾಕ್ಸ್‌ನ ಒಳಗೆ ಇರಬೇಕೋ ಹೊರಗೆ ಇರಬೇಕೋ ಅನ್ನುವುದು ಮೊದಲನೇ ಪ್ರಶ್ನೆ. ನನ್ನ ಉತ್ತರ ನೇರವಾಗಿದೆ. ಬಾಕ್ಸ್ ಹೊಸದಾದರೆ, ವಾರಂಟಿ ಇದ್ದರೆ, ಹೊರಗೆ. ಹಳೆಯದಾಗಿದ್ದು, ಬಿಚ್ಚಿ ಜೋಡಿಸಿದ ಅಭ್ಯಾಸ ನಿಮಗಿದ್ದರೆ ಮಾತ್ರ ಒಳಗೆ.

ಯಾಕೆ ಅಂತ ಒಂದು ಘಟನೆ ಹೇಳುತ್ತೇನೆ. ಬಹಳ ವರ್ಷದ ಹಿಂದೆ ಎಕ್ಸ್‌ಬಾಕ್ಸ್ 360 ಅನ್ನುವ ಇನ್ನೊಂದು ಥರದ ಗೇಮ್ ಬಾಕ್ಸ್‌ನ ಒಳಗೆ ನಾನೇ ಎಲ್‌ಇಡಿ ಪಟ್ಟಿ ಅಂಟಿಸಿದ್ದೆ. ಮಳೆಗಾಲ, ಚಳಿಗಾಲ ಚೆನ್ನಾಗಿಯೇ ಇತ್ತು. ಏಪ್ರಿಲ್‌ನಲ್ಲಿ ಅದು ವಾಪಸ್ ಬಂತು. ಆನ್ ಮಾಡಿದರೆ ಟರ್ರ್ ಅಂತ ಸದ್ದು. ಮುಚ್ಚಳ ತೆಗೆದು ನೋಡಿದೆ. ಪಟ್ಟಿಯ ಹಿಂದಿನ ಅಂಟು ಕಾವಿಗೆ ಮೆತ್ತಗಾಗಿ, ಪಟ್ಟಿ ಜಾರಿ ಹಿಂಬದಿಯ ಫ್ಯಾನ್ ಮೇಲೆ ಮಲಗಿತ್ತು. ರೆಕ್ಕೆ ತಾಗಿ ತಾಗಿ ಪಟ್ಟಿಯ ಅಂಚು ಸವೆದು ತಾಮ್ರ ಕಾಣುತ್ತಿತ್ತು. ಇನ್ನೊಂದು ವಾರ ಬಿಟ್ಟಿದ್ದರೆ ಆ ತಾಮ್ರ ಒಳಗಿನ ತಗಡಿಗೆ ತಾಗುತ್ತಿತ್ತು. ಆವತ್ತಿನಿಂದ ಬರೀ ಅಂಟನ್ನು ನಂಬಿ ಒಳಗೆ ಏನನ್ನೂ ಹಾಕುವುದಿಲ್ಲ.

ಮೊದಲು ಗಾಳಿಯ ದಾರಿ ನೋಡಿ

ಲೈಟ್‌ನಿಂದ ಬಿಸಿ ಆಗುತ್ತದೆ ಅಂತ ಬಹಳ ಜನ ಹೆದರುತ್ತಾರೆ. ಲೆಕ್ಕ ಹಾಕಿದರೆ ಅದು ಅಷ್ಟು ದೊಡ್ಡದಲ್ಲ. ಸಣ್ಣ ಪಟ್ಟಿ ತಿನ್ನುವುದು ಎರಡು ಮೂರು ವ್ಯಾಟ್. ಮೊದಲು ಬಂದ ಪಿಎಸ್5 ದೊಡ್ಡ ಗೇಮ್ ಆಡುವಾಗ ಸುಮಾರು 200 ವ್ಯಾಟ್ ತಿನ್ನುತ್ತದೆ. ಆ 200 ವ್ಯಾಟ್‌ನ ಕಾವು ಹೊರಗೆ ಹೋಗುವ ದಾರಿಗೆ ನಿಮ್ಮ ಪಟ್ಟಿ, ವೈರು, ಸ್ಟ್ಯಾಂಡು ಅಡ್ಡ ಬಂದರೆ ಆಗ ತೊಂದರೆ.

ಪಿಎಸ್5 ಮುಂದಿನ ಅಂಚಿನ ಸಂದಿಗಳಿಂದ ಗಾಳಿ ಎಳೆದುಕೊಂಡು ಪೂರಾ ಹಿಂಬದಿಯಿಂದ ಬಿಡುತ್ತದೆ. ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್ ಕೆಳಗಿನಿಂದ ಎಳೆದು ತಲೆಯ ಮೇಲಿಂದ ಬಿಡುತ್ತದೆ. ಸೀರೀಸ್ ಎಸ್‌ನಲ್ಲಿ ಆ ದುಂಡನೆಯ ಕಪ್ಪು ಜಾಲರಿಯೇ ಬಿಸಿಗಾಳಿಯ ಬಾಗಿಲು. ಪಿಎಸ್4 ಹಿಂದಿನಿಂದ ಬಿಡುತ್ತದೆ. ಗೇಮ್ ಆನ್ ಮಾಡಿ ಹತ್ತು ನಿಮಿಷ ಬಿಟ್ಟು, ಬಾಕ್ಸ್ ಸುತ್ತ ಅಂಗೈ ಆಡಿಸಿದರೆ ನಿಮಗೇ ಗೊತ್ತಾಗುತ್ತದೆ. ಎಲ್ಲಿ ಬಿಸಿ ಉಗಿಯುತ್ತದೋ ಅಲ್ಲಿ ಒಂದು ಎಳೆ ವೈರ್ ಕೂಡ ಬೇಡ.

ಪಿಎಸ್5ರ ಜೊತೆ ಬರುವ ಪುಸ್ತಕದಲ್ಲಿ 5ರಿಂದ 35 ಡಿಗ್ರಿ ಒಳಗೆ ಬಳಸಿ ಅಂತ ಬರೆದಿದೆ. ನಮ್ಮ ಕಡೆ ಬೇಸಿಗೆ ಮಧ್ಯಾಹ್ನ, ಅದರಲ್ಲೂ ಮೇಲಿನ ಮಹಡಿಯ ಕೋಣೆ, ಶೀಟ್ ಹಾಕಿದ ಮನೆ ಅಂದರೆ ಆ 35 ಸಲೀಸಾಗಿ ದಾಟುತ್ತದೆ. ಬಾಕ್ಸ್ ಮೊದಲೇ ತನ್ನ ಮಿತಿಯ ಅಂಚಿನಲ್ಲಿ ಓಡುತ್ತಿರುತ್ತದೆ. ಹಾಗಾಗಿ ತಂಪು ಊರಿನವರು ಮಾಡಿದ ಅಲಂಕಾರದ ವಿಡಿಯೊ ನೋಡಿ ಇಲ್ಲಿ ಹಾಗೇ ಮಾಡಲಿಕ್ಕೆ ಹೋಗಬೇಡಿ.

ಯುಎಸ್‌ಬಿ ಪಟ್ಟಿ: ಹತ್ತರಲ್ಲಿ ಎಂಟು ಜನಕ್ಕೆ ಇದೇ ಸಾಕು

ಟಿವಿ ಹಿಂದೆ ಅಂಟಿಸಲಿಕ್ಕೆ ಅಂತ ಮಾರುತ್ತಾರಲ್ಲ, ತುದಿಯಲ್ಲಿ ಯುಎಸ್‌ಬಿ ಪಿನ್ ಇರುವ 5 ವೋಲ್ಟ್ ಪಟ್ಟಿ, ಅದು. ಬೆಸುಗೆ ಬೇಡ, ಸ್ಕ್ರೂ ಬಿಚ್ಚುವುದು ಬೇಡ. ಬೇಡ ಅನಿಸಿದರೆ ಹೇರ್ ಡ್ರೈಯರ್‌ನಿಂದ ಸ್ವಲ್ಪ ಬಿಸಿ ಮಾಡಿ ನಿಧಾನ ಎಳೆದರೆ ಗುರುತಿಲ್ಲದೆ ಬಿಟ್ಟುಕೊಳ್ಳುತ್ತದೆ.

ಒಂದು ವಿಷಯ ಮಾತ್ರ ಸರಿಯಾಗಿ ನೋಡಿ. ಮಾಮೂಲಿ ಯುಎಸ್‌ಬಿ 2.0 ಪೋರ್ಟ್ ಕೊಡುವುದು 500 ಮಿಲಿಆಂಪ್, ಅಂದರೆ 2.5 ವ್ಯಾಟ್. ಪಟ್ಟಿಯ ಪೊಟ್ಟಣದ ಮೇಲೆ 5 ವ್ಯಾಟ್ ಅಂತ ಬರೆದಿದ್ದರೆ ಅದಕ್ಕೆ 1 ಆಂಪ್ ಬೇಕು. ಆ ಪೋರ್ಟ್‌ಗೆ ಅದು ದುಪ್ಪಟ್ಟು ಹೊರೆ. ಪಟ್ಟಿಯಲ್ಲಿ ಕತ್ತರಿ ಗುರುತು ಇರುವಲ್ಲಿ ಕತ್ತರಿಸಿ ಅರ್ಧ ಮಾಡಿ. ಬಾಕ್ಸ್‌ನ ಹಿಂದೆ ಅರ್ಧ ಮೀಟರ್ ಪಟ್ಟಿ ಸಾಕಷ್ಟಾಯಿತು. ಒಂದು ಮೀಟರೇ ಬೇಕು ಅನ್ನುವವರು ಮನೆಯಲ್ಲಿ ಬಿದ್ದಿರುವ ಹಳೆ ಮೊಬೈಲ್ ಚಾರ್ಜರ್‌ಗೆ ಚುಚ್ಚಿ. 5 ವೋಲ್ಟ್, 2 ಆಂಪ್ ಅಂತ ಬರೆದಿದ್ದರೆ ಧಾರಾಳ.

ಎರಡರಲ್ಲೂ ಒಂದೊಂದು ಅನುಕೂಲ ಇದೆ. ಬಾಕ್ಸ್‌ನ ಪೋರ್ಟ್‌ಗೆ ಚುಚ್ಚಿದರೆ ಬಾಕ್ಸ್ ಜೊತೆಗೇ ಲೈಟೂ ಹತ್ತುತ್ತದೆ, ಜೊತೆಗೇ ಆರುತ್ತದೆ. ನೋಡಲಿಕ್ಕೆ ಅದು ಬಾಕ್ಸ್‌ನದೇ ಬೆಳಕು ಅನ್ನುವ ಹಾಗೆ ಇರುತ್ತದೆ. ಚಾರ್ಜರ್‌ಗೆ ಚುಚ್ಚಿದರೆ ಬಾಕ್ಸ್‌ಗೂ ಲೈಟಿಗೂ ಸಂಬಂಧವೇ ಇಲ್ಲ, ಲೈಟ್ ಸುಟ್ಟರೂ ಬಾಕ್ಸ್ ಸೇಫ್. ಮೊದಲನೆಯದು ಆರಿಸಿಕೊಂಡವರು "ಆಫ್ ಮಾಡಿದರೂ ಲೈಟ್ ಉರೀತಾನೇ ಇದೆ" ಅಂತ ಬರುತ್ತಾರೆ. ಪಿಎಸ್5 ರೆಸ್ಟ್ ಮೋಡ್‌ನಲ್ಲಿದ್ದಾಗಲೂ, ಅಂದರೆ ಪೂರ್ತಿ ಆಫ್ ಆಗದೆ ಅರೆನಿದ್ದೆಯಲ್ಲಿದ್ದಾಗಲೂ, ಪೋರ್ಟ್‌ಗೆ ಕರೆಂಟ್ ಬಿಡುತ್ತದೆ. ಸೆಟ್ಟಿಂಗ್ಸ್, ಸಿಸ್ಟಮ್, ಪವರ್ ಸೇವಿಂಗ್ ಒಳಗೆ ಹೋಗಿ ರೆಸ್ಟ್ ಮೋಡ್ ಸೌಲಭ್ಯಗಳಲ್ಲಿ ಯುಎಸ್‌ಬಿ ಪೋರ್ಟ್‌ನ ಕರೆಂಟನ್ನು ಆಫ್ ಮಾಡಿ. ಆದರೆ ಆಮೇಲೆ ರೆಸ್ಟ್ ಮೋಡ್‌ನಲ್ಲಿ ಕೈಯಲ್ಲಿ ಹಿಡಿದು ಆಡುವ ಕಂಟ್ರೋಲರ್ ಚಾರ್ಜ್ ಆಗುವುದಿಲ್ಲ, ಇದು ನೆನಪಿರಲಿ. ಅದೂ ಬೇಕು ಅಂದರೆ ಮೂರು ಗಂಟೆ ಮಾತ್ರ ಕರೆಂಟ್ ಬಿಡುವ ಆಯ್ಕೆ ಇದೆ, ಅದನ್ನಿಡಿ.

ಪಟ್ಟಿಯನ್ನು ಎಲ್ಲಿ ಅಂಟಿಸಬೇಕು? ಬಾಕ್ಸ್‌ಗೆ ಅಲ್ಲ, ಬಾಕ್ಸ್ ಇಟ್ಟಿರುವ ಮೇಜಿನ ಹಿಂದಿನ ಅಂಚಿಗೆ. ಎಲ್‌ಇಡಿಗಳ ಮುಖ ಗೋಡೆ ಕಡೆಗಿರಲಿ. ಎಲ್‌ಇಡಿ ಚುಕ್ಕೆ ಚುಕ್ಕೆಯಾಗಿ ಕಣ್ಣಿಗೆ ಬಿದ್ದರೆ ಅದು ಅಂಗಡಿ ಬೋರ್ಡ್ ಥರ ಕಾಣುತ್ತದೆ, ಟಿವಿ ಗಾಜಿನಲ್ಲೂ ಹೊಳೆಯುತ್ತದೆ. ಗೋಡೆಗೆ ಬಿದ್ದು ವಾಪಸ್ ಬರುವ ಬೆಳಕು ಮೆತ್ತಗಿರುತ್ತದೆ. ನಡುವೆ ಬಾಕ್ಸ್ ಕಪ್ಪಗೆ ಎದ್ದು ಕಾಣುತ್ತದೆ. ಗೋಡೆಯ ಬಣ್ಣವನ್ನೂ ಗಮನಿಸಿ. ನಮ್ಮ ಮನೆಗಳಲ್ಲಿ ತಿಳಿ ಹಸಿರು, ಗುಲಾಬಿ ಬಣ್ಣದ ಗೋಡೆ ಜಾಸ್ತಿ ಅಲ್ವಾ? ತಿಳಿ ಹಸಿರು ಗೋಡೆಯ ಮೇಲೆ ಕೆಂಪು ಬೆಳಕು ಕೊಳಕಾಗಿ ಕಾಣುತ್ತದೆ. ಅಂಥ ಕಡೆ ಹಳದಿ ಮಿಶ್ರಿತ ಬಿಳಿ, ಅಂದರೆ ವಾರ್ಮ್ ವೈಟ್, ಬಹಳ ಚೆಂದ.

12 ವೋಲ್ಟ್ ಪಟ್ಟಿ ಮತ್ತು ಸೀರಿಯಲ್ ಸೆಟ್

ಕಾರು, ಲಾರಿ ಅಲಂಕಾರದ ಸಾಮಾನು ಮಾರುವ ಅಂಗಡಿಯಲ್ಲಿ ಸಿಗುವ ಪಟ್ಟಿ 12 ವೋಲ್ಟ್‌ನದು. ಮೂರು ಮೂರು ಎಲ್‌ಇಡಿ ಸರಣಿಯಲ್ಲಿ ಇರುತ್ತವೆ, ಕತ್ತರಿಸುವುದೂ ಮೂರರ ಲೆಕ್ಕದಲ್ಲೇ. ಅಗ್ಗ, ಗಟ್ಟಿ, ಬೆಳಕೂ ಜೋರು. ಆದರೆ ಯುಎಸ್‌ಬಿಗೆ ಕೊಟ್ಟರೆ ಹತ್ತುವುದಿಲ್ಲ. ಬೇರೆ 12 ವೋಲ್ಟ್ ಅಡಾಪ್ಟರ್ ಬೇಕೇ ಬೇಕು. ಕೋಣೆಯ ಸುತ್ತ, ಶೋಕೇಸ್ ಉದ್ದಕ್ಕೂ ಹಾಕಿಸುವವರಿಗೆ ಇದು ಸರಿ. ಒಂದು ಬಾಕ್ಸ್‌ಗೆ ಮಾತ್ರ ಅಂದರೆ ಇದರ ಬೆಳಕು ಕಣ್ಣಿಗೆ ಚುಚ್ಚುತ್ತದೆ.

ಸೀರಿಯಲ್ ಸೆಟ್ ಬಗ್ಗೆ ಸ್ಪಷ್ಟವಾಗಿ ಹೇಳಬೇಕು. ಹಬ್ಬಕ್ಕೆ ತಂದ ಸೆಟ್ ಮನೆಯಲ್ಲೇ ಇದೆಯಲ್ಲ, ಅದನ್ನೇ ಬಾಕ್ಸ್‌ಗೆ ಸುತ್ತೋಣ ಅಂತ ಮಕ್ಕಳಿಗೆ ಅನಿಸುವುದು ಸಹಜ. ದಯವಿಟ್ಟು ಬೇಡ. ಆ ಸೆಟ್‌ಗಳಲ್ಲಿ ಬಹಳಷ್ಟು ನೇರ 230 ವೋಲ್ಟ್‌ಗೆ ಚುಚ್ಚುವಂಥವು. ನಡುವೆ ಟ್ರಾನ್ಸ್‌ಫಾರ್ಮರ್ ಇರುವುದಿಲ್ಲ. ಒಂದೊಂದು ದೀಪಕ್ಕೆ ಸಿಗುವುದು ಎರಡು ಮೂರು ವೋಲ್ಟ್ ಆದರೂ, ವೈರ್ ಎಲ್ಲಿ ಸಿಪ್ಪೆ ಬಿಟ್ಟರೂ ಅಲ್ಲಿ ಮೇನ್ ಕರೆಂಟ್ ಮುಟ್ಟಿದ ಹಾಗೆ. ಹಿಂಬದಿಯಲ್ಲಿ ಟಿವಿಗೆ ಹೋಗುವ ಎಚ್‌ಡಿಎಂಐ ಕೇಬಲ್‌ನ ತಗಡು, ಮುಂದೆ ಕಂಟ್ರೋಲರ್ ಹಿಡಿದ ಮಗು. ತೋರಣದ ಜಾಗದಲ್ಲಿ ತೋರಣ ಇರಲಿ.

ಒಂದೊಂದು ದೀಪವೂ ಬೇರೆ ಬಣ್ಣ: ಡಬ್ಲ್ಯುಎಸ್2812ಬಿ ಪಟ್ಟಿ

ಬೆಳಕು ಓಡಬೇಕು, ಬಣ್ಣ ಹರಿಯಬೇಕು ಅನ್ನುವವರಿಗೆ ಇದು. ಕೆಂಪು, ಹಸಿರು, ನೀಲಿ ಬೆರೆಸಿ ಬಣ್ಣ ಕೊಡುವ ಸಾದಾ ಆರ್‌ಜಿಬಿ ಪಟ್ಟಿಯಲ್ಲಿ ಇಡೀ ಪಟ್ಟಿ ಒಂದೇ ಬಣ್ಣ ಆಗುತ್ತದೆ. ಇದರಲ್ಲಿ ಪ್ರತಿ ಎಲ್‌ಇಡಿಯ ಹೊಟ್ಟೆಯಲ್ಲೂ ಒಂದು ಪುಟ್ಟ ಚಿಪ್ ಇರುತ್ತದೆ. ಮೊದಲನೇ ದೀಪ ತನ್ನ ಪಾಲಿನ ಸಂದೇಶ ಇಟ್ಟುಕೊಂಡು ಉಳಿದಿದ್ದನ್ನು ಮುಂದಿನದಕ್ಕೆ ದಾಟಿಸುತ್ತದೆ, ಪಂಕ್ತಿಯಲ್ಲಿ ಎಲೆ ದಾಟಿಸಿದ ಹಾಗೆ. ಅದಕ್ಕೇ ಪಟ್ಟಿಯ ಮೇಲೆ ಬಾಣದ ಗುರುತು ಇರುತ್ತದೆ. ಬಾಣದ ವಿರುದ್ಧ ದಿಕ್ಕಿಗೆ ಜೋಡಿಸಿದರೆ ಒಂದೂ ಹತ್ತುವುದಿಲ್ಲ. ನಡುವೆ ಒಂದರ ಚಿಪ್ ಕೆಟ್ಟರೆ ಅಲ್ಲಿಂದ ಮುಂದಿನವೆಲ್ಲ ಆರುತ್ತವೆ. "ಅರ್ಧ ಪಟ್ಟಿ ಸತ್ತಿದೆ" ಅಂತ ತಂದರೆ ನಾನು ಕೊನೆಯದಾಗಿ ಹತ್ತುವ ದೀಪವನ್ನೂ ಅದರ ಮುಂದಿನದನ್ನೂ ಕತ್ತರಿಸಿ ಹೊಸದು ಹಾಕುತ್ತೇನೆ. ಸಾಮಾನ್ಯವಾಗಿ ಅಷ್ಟಕ್ಕೇ ಸರಿಹೋಗುತ್ತದೆ.

ಕರೆಂಟ್ ಲೆಕ್ಕ ಇದರಲ್ಲಿ ಬಹಳ ಮುಖ್ಯ. ಒಂದೊಂದು ದೀಪ ಪೂರ್ಣ ಬಿಳಿ ಬೆಳಕಿಗೆ 60 ಮಿಲಿಆಂಪ್ ತನಕ ಎಳೆಯಬಹುದು. 30 ದೀಪ ಅಂದರೆ 1.8 ಆಂಪ್. ಇದನ್ನು ಬಾಕ್ಸ್‌ನ ಪೋರ್ಟ್‌ಗೆ ಯಾವತ್ತೂ ಕೊಡಬೇಡಿ. 5 ವೋಲ್ಟ್, 3 ಆಂಪ್‌ನ ಅಡಾಪ್ಟರ್ ತನ್ನಿ. ರಾತ್ರಿ ಕೋಣೆಯಲ್ಲಿ ಕಾಲು ಭಾಗ ಬೆಳಕಿಟ್ಟರೂ ಕಣ್ಣು ತುಂಬುತ್ತದೆ.

ಈ ಬೆಳಕನ್ನು ಆಡಿಸಲಿಕ್ಕೆ ರಿಮೋಟ್ ಜೊತೆ ಬರುವ ಸಿದ್ಧ ಕಂಟ್ರೋಲರ್ ಡಬ್ಬಿಗಳಿವೆ, ಅವು ಸಾಕು. ಎಂಜಿನಿಯರಿಂಗ್ ಓದುವ ಹುಡುಗರು ಮನೆಯಲ್ಲಿದ್ದರೆ ಇಎಸ್‌ಪಿ32 ಅನ್ನುವ, ವೈಫೈ ಇರುವ ಪುಟ್ಟ ಬೋರ್ಡ್ ಹಾಕಿ, ಡಬ್ಲ್ಯುಎಲ್‌ಇಡಿ ಅನ್ನುವ ಉಚಿತ ಸಾಫ್ಟ್‌ವೇರ್ ತುಂಬಿ ಮೊಬೈಲಿನಿಂದಲೇ ಆಡಿಸುತ್ತಾರೆ. ಇಲ್ಲಿನ ಕಾಲೇಜು ಹುಡುಗರಿಗೆ ಇದು ಎರಡು ಸಂಜೆಯ ಕೆಲಸ, ಕಲಿಯಲಿಕ್ಕೂ ಒಳ್ಳೆಯದು. ಡೇಟಾ ವೈರ್‌ಗೆ 330 ಓಮ್‌ನ ಒಂದು ರೆಸಿಸ್ಟರ್, ಅಂದರೆ ಕರೆಂಟ್ ತಡೆಯುವ ಪುಟ್ಟ ಬಿಡಿಭಾಗ, ಹಾಕಿ, ಬೋರ್ಡಿಗೂ ಪಟ್ಟಿಗೂ ನಡುವಿನ ವೈರ್ ಗಿಡ್ಡ ಇಡಿ. ಉದ್ದವಾದರೆ ಮೊದಲ ದೀಪವೇ ಮಿಟಮಿಟ ಅನ್ನಲಿಕ್ಕೆ ಶುರು ಮಾಡುತ್ತದೆ.

ನನ್ನ ಅಭಿಪ್ರಾಯ ಕೇಳಿದರೆ, ಓಡುವ ಬೆಳಕು ಮೊದಲ ವಾರ ಖುಷಿ ಕೊಡುತ್ತದೆ. ಆಮೇಲೆ ಗೇಮ್ ನೋಡುವ ಕಣ್ಣನ್ನು ಪದೇ ಪದೇ ಎಳೆಯುತ್ತದೆ. ಹಾಕಿಸಿಕೊಂಡವರಲ್ಲಿ ಬಹಳ ಜನ ಕೊನೆಗೆ ಒಂದೇ ಬಣ್ಣಕ್ಕೆ ನಿಲ್ಲಿಸಿಕೊಂಡಿದ್ದಾರೆ. ಹಾಗಿದ್ದರೆ ಯುಎಸ್‌ಬಿ ಪಟ್ಟಿಯೇ ಸಾಕಿತ್ತಲ್ಲ?

ಇಎಲ್ ವೈರ್ ಅಂತ ಇನ್ನೊಂದಿದೆ. ದಾರದಂತೆ ಬಾಗುವ, ಉದ್ದಕ್ಕೂ ಸಮನಾಗಿ ಹೊಳೆಯುವ ತಂತಿ. ಬಾಕ್ಸ್‌ನ ಅಂಚಿಗೆ ಗೆರೆ ಎಳೆದ ಹಾಗೆ ಕಾಣುತ್ತದೆ, ನಿಜಕ್ಕೂ ಚೆಂದ. ಆದರೆ ಕತ್ತಲಲ್ಲಿ ಮಾತ್ರ ಕಾಣುತ್ತದೆ. ಅದಕ್ಕೆ ಕರೆಂಟ್ ಕೊಡುವ ಪುಟ್ಟ ಇನ್ವರ್ಟರ್ ಡಬ್ಬಿ ಕುಂಯ್ ಅಂತ ಸಣ್ಣಗೆ ಕೂಗುತ್ತಿರುತ್ತದೆ. ಬಳಸುತ್ತಾ ಬಳಸುತ್ತಾ ಬೆಳಕು ಮಂಕಾಗುತ್ತದೆ. ಒಂದು ಹುಟ್ಟುಹಬ್ಬಕ್ಕೆ, ಒಂದು ಸ್ಪರ್ಧೆಗೆ ಸರಿ.

ಒಳಗೇ ಹಾಕಬೇಕು ಅನ್ನುವವರಿಗೆ: ಬಿಡಿ ಎಲ್‌ಇಡಿ

ಹಳೆ ಪಿಎಸ್2, ಪಿಎಸ್3, ಎಕ್ಸ್‌ಬಾಕ್ಸ್ 360 ಇಟ್ಟುಕೊಂಡವರಿಗೆ ಮಾತ್ರ ಇದು. ಪಿಎಸ್5 ತಂದು ಇದನ್ನು ಕೇಳಬೇಡಿ. ಅದರ ಮುಖ್ಯ ಚಿಪ್ ಮತ್ತು ಅದರ ಕಾವು ಹೀರುವ ಹೀಟ್‌ಸಿಂಕ್ ನಡುವೆ ದ್ರವರೂಪದ ಲೋಹ ಇದೆ. ಅಲ್ಲಿಯವರೆಗೆ ಬಿಚ್ಚುವ ಕೆಲಸ ಅಲಂಕಾರಕ್ಕೆ ಮಾಡುವಂಥದ್ದಲ್ಲ. ಬಿಳಿ ಕವರ್ ಕೈಯಲ್ಲೇ ಬಿಚ್ಚುತ್ತದೆ ನಿಜ. ಆದರೆ ಆ ಕವರ್ ಕೆಳಗೇ ಫ್ಯಾನ್ ಇದೆ. ಅಲ್ಲಿ ಪಟ್ಟಿ ಜಾರಿದರೆ ಏನಾಗುತ್ತದೆ ಅಂತ ಮೇಲೆ ಹೇಳಿದೆ.

ಹಳೆಯದರಲ್ಲಿ ಕರೆಂಟ್ ತೆಗೆಯಲು ನನಗೆ ಇಷ್ಟವಾದ ಜಾಗ ಯುಎಸ್‌ಬಿ ಸಾಕೆಟ್‌ನ ಬೆನ್ನು. ನಾಲ್ಕು ಪಿನ್ ಇರುತ್ತವೆ. ಒಂದನೆಯದು 5 ವೋಲ್ಟ್, ನಾಲ್ಕನೆಯದು ಗ್ರೌಂಡ್, ಅಂದರೆ ಮೈನಸ್. ನಡುವಿನ ಎರಡು ಡೇಟಾ, ಅವನ್ನು ಮುಟ್ಟಬೇಡಿ. ಮಲ್ಟಿಮೀಟರ್ ಇಟ್ಟು 5 ಬಂದದ್ದು ನೋಡಿ ಆಮೇಲೆ ಬೆಸುಗೆಯ ಐರನ್ ಹಿಡಿಯಿರಿ. ಪವರ್ ಸಪ್ಲೈ ಡಬ್ಬಿ ಒಳಗೆ ಮಾತ್ರ ಕೈ ಹಾಕಬೇಡಿ, ಪ್ಲಗ್ ತೆಗೆದ ಮೇಲೂ ಅದರ ಕೆಪಾಸಿಟರ್ ಹೊಡೆಯುತ್ತದೆ.

ನೀಲಿ ಎಲ್‌ಇಡಿಗೆ ಸುಮಾರು 3.2 ವೋಲ್ಟ್ ಬೇಕು. 5ರಲ್ಲಿ ಅದನ್ನು ಕಳೆದರೆ 1.8 ಉಳಿಯಿತು. 20 ಮಿಲಿಆಂಪ್ ಹರಿಯಲಿ ಅಂದರೆ 90 ಓಮ್. ಅಂಗಡಿಯಲ್ಲಿ ಸಿಗುವುದು 100 ಓಮ್, ಅದೇ ಸರಿ. ಕೆಂಪಿಗೆ 2 ವೋಲ್ಟ್ ಸಾಕು, ಹಾಗಾಗಿ 150 ಓಮ್. ಇದು ಪೂರ್ತಿ ಬೆಳಕಿನ ಲೆಕ್ಕ. ನಾನು ಅಲಂಕಾರಕ್ಕೆ ನೀಲಿಗೆ 470 ಓಮ್ ಹಾಕುತ್ತೇನೆ. ಸುಮಾರು 4 ಮಿಲಿಆಂಪ್ ಹರಿಯುತ್ತದೆ, ಕತ್ತಲೆ ಕೋಣೆಗೆ ಅಷ್ಟು ಸಾಕು. ಪ್ರತಿ ಎಲ್‌ಇಡಿಗೂ ಅದರದೇ ರೆಸಿಸ್ಟರ್ ಇರಲಿ. ನಾಲ್ಕಕ್ಕೂ ಸೇರಿ ಒಂದೇ ಹಾಕಿದರೆ ಒಂದು ಜಾಸ್ತಿ ಎಳೆದುಕೊಂಡು ಉಳಿದವು ಮಂಕಾಗುತ್ತವೆ. ಉದ್ದ ಕಾಲು ಪ್ಲಸ್, ಬುಡದಲ್ಲಿ ಚಪ್ಪಟೆ ಇರುವ ಕಡೆ ಮೈನಸ್.

ಎಲ್‌ಇಡಿ ತಲೆಯನ್ನು 400 ನಂಬರ್ ಮರಳು ಕಾಗದದಲ್ಲಿ ಮಂಜು ಕವಿದ ಹಾಗೆ ಆಗುವವರೆಗೆ ಉಜ್ಜಿ. ಟಾರ್ಚ್ ಥರ ಒಂದೇ ಕಡೆ ಹೊಡೆಯುತ್ತಿದ್ದ ಬೆಳಕು ಸುತ್ತಲೂ ಹರಡುತ್ತದೆ. ಬೆಸುಗೆಯ ಮೇಲೆ ಬಿಸಿಗೆ ಕುಗ್ಗುವ ಸ್ಲೀವ್ ಹಾಕಿ ಬಿಸಿ ಮಾಡಿ. ವೈರನ್ನು ಪ್ಲಾಸ್ಟಿಕ್ ಟ್ಯಾಗ್‌ನಿಂದ ಬಿಗಿಯಿರಿ. ಕೇಸ್‌ಗೆ ತೂತು ಕೊರೆಯುವುದಿದ್ದರೆ ಬೋರ್ಡನ್ನು ಪೂರ್ತಿ ಹೊರಗೆ ತೆಗೆದಿಟ್ಟು, ಬೇರೆ ಕೋಣೆಯಲ್ಲಿ ಕೊರೆಯಿರಿ. ಕಣ್ಣಿಗೆ ಕಾಣದಂಥ ಒಂದು ಲೋಹದ ಚೂರು ಸಾಕು ಬೋರ್ಡ್ ಕೊಲ್ಲಲಿಕ್ಕೆ.

ಬಾಕ್ಸ್‌ನದೇ ಸೂಚನೆಯ ದೀಪವನ್ನು ಮಾತ್ರ ಮುಚ್ಚಬೇಡಿ. 360ರಲ್ಲಿ ಹಸಿರು ಉಂಗುರ ಕೆಂಪಾದರೆ ಅದು ರೋಗ ಹೇಳುತ್ತಿದೆ ಅಂತ ಅರ್ಥ. ಅಲಂಕಾರಕ್ಕೆ ಅಲ್ಲಿ ಕೆಂಪು ಎಲ್‌ಇಡಿ ಹಾಕಿಸಿಕೊಂಡವರಿಗೆ ಬಾಕ್ಸ್ ಕೆಟ್ಟಿದ್ದು ತಿಳಿಯುವುದು ಹೇಗೆ?

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು: ಕೆತ್ತಿದ ಆಕ್ರಿಲಿಕ್

ಅಕ್ಕನ ಮಗನಿಗೆ ಕೊನೆಗೆ ಮಾಡಿಕೊಟ್ಟಿದ್ದು ಇದು. 5 ಮಿಲಿಮೀಟರ್ ದಪ್ಪದ ಪಾರದರ್ಶಕ ಆಕ್ರಿಲಿಕ್ ಶೀಟ್. ನೇಮ್ ಬೋರ್ಡ್ ಮಾಡುವವರ ಹತ್ತಿರ ಲೇಸರ್ ಇರುತ್ತದೆ. ಚಿತ್ರ ಕೊಟ್ಟರೆ ಕೆತ್ತಿಕೊಡುತ್ತಾರೆ. ಅವನು ಮೊದಲು ಯಾವುದೋ ಗೇಮ್‌ನ ತಲೆಬುರುಡೆ ತಂದ. "ನಿಮ್ಮ ಊರಲ್ಲಿ ಅಂಥ ಕೋಟೆ ಇಟ್ಟುಕೊಂಡು ಇದ್ಯಾಕಪ್ಪಾ" ಅಂದೆ. ಆಮೇಲೆ ದುರ್ಗದ ಬೆಟ್ಟ, ಅದರ ಮೇಲಿನ ಬತೇರಿ, ಕೆಳಗೆ ಸುತ್ತು ಸುತ್ತಾಗಿ ಕೋಟೆ ಗೋಡೆ, ಇಷ್ಟನ್ನು ಗೆರೆಯಲ್ಲಿ ತಾನೇ ಬರೆದುಕೊಂಡು ಬಂದ.

ಶೀಟ್‌ನ ಕೆಳಗಿನ ಅಂಚಿಗೆ ಗಿಡ್ಡ ಯುಎಸ್‌ಬಿ ಪಟ್ಟಿ, ದೀಪಗಳ ಮುಖ ಮೇಲಕ್ಕೆ. ಬೆಳಕು ಅಂಚಿನಿಂದ ಶೀಟ್ ಒಳಗೆ ಹೋಗಿ, ಎರಡೂ ಮೈಗೆ ಬಡಿದು ಬಡಿದು ಒಳಗೇ ಓಡುತ್ತದೆ. ನಯವಾದ ಕಡೆ ಹೊರಗೆ ಬರುವುದಿಲ್ಲ. ಎಲ್ಲಿ ಗೀರು ಇದೆಯೋ ಅಲ್ಲಿ ಮಾತ್ರ ಹೊರಗೆ ಚೆಲ್ಲುತ್ತದೆ. ಹಾಗಾಗಿ ಲೈಟ್ ಹಾಕಿದಾಗ ಗಾಜಿನಂಥ ಶೀಟ್ ಕಾಣುವುದೇ ಇಲ್ಲ, ಗಾಳಿಯಲ್ಲಿ ಕೋಟೆ ನಿಂತಂತೆ ಇರುತ್ತದೆ. ಪಟ್ಟಿಯ ಮೇಲೆ ಮರದ ರೀಪಿನ ಮರೆ ಕೊಡಿ, ದೀಪದ ಚುಕ್ಕೆ ಕಣ್ಣಿಗೆ ಬೀಳಬಾರದು. ಆಕ್ರಿಲಿಕ್‌ಗೆ ಬೇರೆ ಗೀರು ಬಿದ್ದರೆ ಅದೂ ಹೊಳೆಯುತ್ತದೆ, ಅದಕ್ಕೇ ಒರಟು ಬಟ್ಟೆಯಲ್ಲಿ ಒರೆಸಬೇಡಿ.

ನನಗೆ ಶೀಟ್, ಕೆತ್ತನೆ, ಪಟ್ಟಿ, ರೀಪು ಎಲ್ಲ ಸೇರಿ 700 ರೂಪಾಯಿ ಆಸುಪಾಸಿನಲ್ಲಿ ಮುಗಿಯಿತು. ಬರೀ ಪಟ್ಟಿಗಿಂತ ದುಬಾರಿ ಹೌದು. ಆದರೆ ಬಾಕ್ಸ್‌ನ ಒಂದು ಸ್ಕ್ರೂ ಕೂಡ ಅಲುಗಿಲ್ಲ. ನಾಳೆ ಬಾಕ್ಸ್ ಮಾರಿದರೂ ಕೋಟೆ ಅವನ ಹತ್ತಿರವೇ ಉಳಿಯುತ್ತದೆ.

ಶೀಟನ್ನು ಪಿಎಸ್5ರ ಹಿಂದೆ ನಿಲ್ಲಿಸಲಿಲ್ಲ, ಬಿಸಿಗಾಳಿ ಅಲ್ಲಿಂದಲೇ ಬರುತ್ತದೆ. ಪಕ್ಕಕ್ಕೆ, ನಾಲ್ಕು ಬೆರಳು ಜಾಗ ಬಿಟ್ಟು ನಿಲ್ಲಿಸಿದ್ದೇವೆ. ಈಗ ಹರಿಹರದಲ್ಲಿರುವ ಅವನ ಗೆಳೆಯನೊಬ್ಬ ತನಗೂ ಬೇಕು ಅಂತ ಫೋನ್ ಮಾಡಿದ್ದಾನೆ. ಅವನದು ಸೀರೀಸ್ ಎಸ್. ಕಪ್ಪು ಜಾಲರಿ ಯಾವ ಕಡೆ ತಿರುಗಿದೆ ಅಂತ ಫೋಟೊ ಕಳಿಸು, ಆಮೇಲೆ ಶೀಟ್‌ನ ಅಳತೆ ಹೇಳುತ್ತೇನೆ ಅಂದಿದ್ದೇನೆ.